ಮೊದಲು ತೇಲಲಿ, ಆಮೇಲೆ ಈಜಲಿ: ಮಕ್ಕಳಿಗೆ ನೀರಿನ ಪಾಠ ಹಂತಹಂತವಾಗಿ

ಮಗುವಿಗೆ ಈಜು ಬರುತ್ತದೆಯೇ ಎಂದು ಕೇಳಿದರೆ ತಂದೆತಾಯಿಗಳು ಸಾಮಾನ್ಯವಾಗಿ ದೂರದ ಲೆಕ್ಕ ಹೇಳುತ್ತಾರೆ. ಅರ್ಧ ಕೊಳ ದಾಟುತ್ತಾನೆ, ಈ ಬದಿಯಿಂದ ಆ ಬದಿಗೆ ನಿಲ್ಲದೆ ಹೋಗುತ್ತಾಳೆ ಎಂಬಂತಹ ಮಾತುಗಳು ಬರುತ್ತವೆ. ಸ್ಪರ್ಧೆಗೆ ಈ ಲೆಕ್ಕ ಸಾಕು. ಆದರೆ ನಮ್ಮಲ್ಲಿ ಮಕ್ಕಳು ನೀರುಪಾಲಾಗುವ ಸಂದರ್ಭಗಳನ್ನು ನೋಡಿದರೆ, ಕೃಷಿಹೊಂಡದ ಅಂಚಿನಲ್ಲಿ ಕೈಕಾಲು ತೊಳೆಯಲು ಬಗ್ಗಿದ್ದು, ಕೆರೆಯಲ್ಲಿ ಎಮ್ಮೆಗಳ ಮೈ ತೊಳೆಯುವಾಗ ಒಂದು ಹೆಜ್ಜೆ ಮುಂದಿಟ್ಟದ್ದು, ನಾಲೆಗೆ ಬಿದ್ದ ಚೆಂಡಿಗೆ ಕೈ ಚಾಚಿದ್ದು, ಕಲ್ಯಾಣಿಯ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಜಾರಿದ್ದು, ಇವೇ ಕಾಣುತ್ತವೆ. ಅಲ್ಲಿ ಮೈಮೇಲೆ ಈಜುಡುಗೆ ಇರುವುದಿಲ್ಲ, ಪಕ್ಕದಲ್ಲಿ ಕೋಚ್ ಇರುವುದಿಲ್ಲ, ಉಸಿರೆಳೆದುಕೊಳ್ಳುವಷ್ಟು ಪುರಸೊತ್ತೂ ಇರುವುದಿಲ್ಲ.

ಹೀಗಾಗಿ ಮಗು ಎಲ್ಲಿಯವರೆಗೆ ಕಲಿತಿದೆ ಎಂಬುದನ್ನು ಅಳೆಯಲು ಬೇರೆ ಕೋಲು ಬೇಕಾಗುತ್ತದೆ. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ ಇದಕ್ಕಾಗಿ ಐದು ಸಾಮರ್ಥ್ಯಗಳನ್ನು ಹೇಳುತ್ತದೆ: ತಲೆಗಿಂತ ಆಳವಾದ ನೀರಿಗೆ ಇಳಿದು ಅಥವಾ ಹಾರಿ ಮೇಲೆ ಬರುವುದು, ಒಂದು ನಿಮಿಷ ತೇಲುವುದು ಅಥವಾ ನಿಂತಲ್ಲೇ ಕೈಕಾಲಾಡಿಸಿ ತಲೆ ಮೇಲಿಟ್ಟುಕೊಳ್ಳುವುದು, ಒಂದು ಸುತ್ತು ತಿರುಗಿ ಹೊರಹೋಗುವ ದಾರಿಯನ್ನು ಗುರುತಿಸುವುದು, ಸುಮಾರು 23 ಮೀಟರ್ ಈಜಿ ಅಲ್ಲಿಗೆ ತಲುಪುವುದು, ಏಣಿಯ ಆಸರೆಯಿಲ್ಲದೆ ಹತ್ತಿ ಬರುವುದು. ಈ ಐದರಲ್ಲಿ ಈಜಿನ ಶೈಲಿಯ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಬೇಸಿಗೆ ಶಿಬಿರಗಳಲ್ಲಿ ಮೂರು ವಾರದೊಳಗೆ ಫ್ರೀಸ್ಟೈಲ್ ಕಲಿಸಿಕೊಡುವ ಭರವಸೆ ಸಿಗುತ್ತದೆ, ಈ ಐದರಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಬಹಳ ಕಡೆ ಪಾಠದಲ್ಲಿಯೇ ಇರುವುದಿಲ್ಲ. ಮುಂದೆ ವಿವರಿಸಿರುವ ಹಂತಗಳು ಇದೇ ಅಳತೆಯನ್ನು ಮುಂದಿಟ್ಟುಕೊಂಡು, ನಮ್ಮ ಊರುಗಳ ನೀರಿಗೆ ಹೊಂದುವಂತೆ ಜೋಡಿಸಿದವು.

ವಯಸ್ಸು ಮತ್ತು ಮೊದಲ ಸಿದ್ಧತೆ

ಶಾಲೆಗೆ ಹೋಗುವ, ಆರು ವರ್ಷ ದಾಟಿದ ಮಕ್ಕಳೆಲ್ಲರಿಗೂ ಈಜು ಮತ್ತು ನೀರಿನ ಸುರಕ್ಷತೆಯನ್ನು ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಕ್ರಮಬದ್ಧವಾದ ಪಾಠಕ್ಕೆ ಸಿದ್ಧರಾಗಿರುತ್ತಾರೆ. ಅದಕ್ಕಿಂತ ಚಿಕ್ಕವರನ್ನು ನೀರಿಗಿಳಿಸಿ ಆಡಿಸುವುದರಲ್ಲಿ ತಪ್ಪಿಲ್ಲ, ಆದರೆ ಅವರು ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತಾರೆಂದು ನಂಬಬಾರದು. ಆ ವಯಸ್ಸಿನ ಮಕ್ಕಳಿಗೆ ಮನೆಯೇ ಅಪಾಯದ ಜಾಗ. ತುಂಬಿದ ಬಕೆಟ್, ಬಚ್ಚಲಿನ ತೊಟ್ಟಿ, ಬೆಂಗಳೂರಿನ ಮನೆಗಳ ಮುಂದಿನ ಸಂಪು, ಹಿತ್ತಲಿನ ಬಾವಿ, ಇವುಗಳ ಮುಚ್ಚಳ ಮತ್ತು ಕಟ್ಟೆ ಸರಿಯಾಗಿದೆಯೇ ಎಂದು ನೋಡುವುದು ಅವರ ಪಾಲಿನ ಮೊದಲ ಪಾಠ, ಮತ್ತು ಅದನ್ನು ಕಲಿಯಬೇಕಾದವರು ದೊಡ್ಡವರು. ಟ್ಯಾಂಕರಿನವರು ನೀರು ಬಿಟ್ಟು ಹೋದ ಮೇಲೆ ಸಂಪಿನ ಮುಚ್ಚಳ ಹಾಕಲಾಗಿದೆಯೇ ಎಂದು ಹೋಗಿ ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು; ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ಕಲಿಯುವ ಜಾಗ ಮಗುವಿನ ಸೊಂಟದಿಂದ ಎದೆಮಟ್ಟದ ಆಳದಲ್ಲಿರಬೇಕು, ತಳ ಕಾಣುವಷ್ಟು ನೀರು ತಿಳಿಯಾಗಿರಬೇಕು. ಇನ್ನೂ ತೇಲಲು ಬಾರದ ಮಗುವಿಗೆ ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ, ನೀರಿನೊಳಗೇ ನಿಂತಿರಬೇಕು. ಶಿಬಿರಕ್ಕೆ ಸೇರಿಸುವವರು ಶುಲ್ಕ ಕೇಳುವ ಮೊದಲು ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು ಎಂದು ಕೇಳುವುದು ಒಳ್ಳೆಯದು. ಆರಂಭದ ಹಂತದಲ್ಲಿ ಈ ಸಂಖ್ಯೆ ನಾಲ್ಕೈದನ್ನು ಮೀರಬಾರದೆಂಬುದು ನನ್ನ ಅಭಿಪ್ರಾಯ. ಇಪ್ಪತ್ತು ಮಕ್ಕಳನ್ನು ದಡದ ಮೇಲೆ ನಿಂತು ಸೀಟಿಯಲ್ಲಿ ನಡೆಸುವ ಜಾಗದಿಂದ ಹಿಂದಿರುಗಿ ಬರುವುದೇ ಲೇಸು.

ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಬಾವಿಯಲ್ಲಿ ಈಜು ಕಲಿಸುವ ಪದ್ಧತಿ ಬಹಳ ಹಿಂದಿನಿಂದ ಇದೆ. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು, ಗಾಳಿ ತುಂಬಿದ ಟ್ಯೂಬು ಬಂದಿವೆ. ಈ ಪದ್ಧತಿಯಲ್ಲಿದ್ದ ಒಳ್ಳೆಯ ಅಂಶವೆಂದರೆ ಆಸರೆಯನ್ನು ಒಮ್ಮೆಲೇ ತೆಗೆಯದೆ ದಿನಕ್ಕಿಷ್ಟು ಕಡಿಮೆ ಮಾಡುತ್ತ ಬರುವುದು. ಕೆಟ್ಟ ಅಂಶ, ಹೆದರಿದ ಹುಡುಗನನ್ನು ಹಿಂದಿನಿಂದ ತಳ್ಳುವುದು. ಹಾಗೆ ತಳ್ಳಿಸಿಕೊಂಡು ಕಲಿತವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಅದರಿಂದಲೇ ಜನ್ಮಪೂರ್ತಿ ನೀರಿನ ಹತ್ತಿರ ಸುಳಿಯದವರು ಸುಮ್ಮನಿರುತ್ತಾರೆ. ಭಯಕ್ಕೂ ಸಾಮರ್ಥ್ಯಕ್ಕೂ ನೇರ ಸಂಬಂಧವಿಲ್ಲ: 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಚಿಕ್ಕಂದಿನಲ್ಲಿ ಮುಳುಗುವ ಅಪಾಯದಿಂದ ಪಾರಾದವರು. ತೋಳಿಗೆ ಹಾಕುವ ಗಾಳಿಯ ಪಟ್ಟಿಗಳು ಆಟದ ಸಾಮಾನುಗಳೇ ಹೊರತು ರಕ್ಷಣೆಯ ಸಾಧನಗಳಲ್ಲ. ಅವು ಮಗುವನ್ನು ನೆಟ್ಟಗೆ ನಿಲ್ಲಿಸಿ ತೂಗುಹಾಕುತ್ತವೆ, ಆ ಭಂಗಿ ರೂಢಿಯಾದ ಮಗುವಿಗೆ ಮಲಗಿ ತೇಲುವುದನ್ನು ಕಲಿಸಲು ಹೆಚ್ಚು ಕಾಲ ಹಿಡಿಯುತ್ತದೆ.

ಮೊದಲ ಹಂತ: ಉಸಿರು

ಇದನ್ನು ಮನೆಯಲ್ಲಿ, ಬಕೆಟ್ಟಿನ ಮುಂದೆ, ದೊಡ್ಡವರು ಜೊತೆಯಲ್ಲಿದ್ದು ಆರಂಭಿಸಬಹುದು. ಬಾಯಿಯಿಂದ ಉಸಿರೆಳೆದುಕೊಂಡು, ಮುಖವನ್ನು ನೀರಿಗಿಟ್ಟು, ಗುಳ್ಳೆ ಬರುವಂತೆ ಉಸಿರು ಬಿಡುವುದೇ ಅಭ್ಯಾಸ. ಮೂಗಿಗೆ ನೀರು ಹೋಗುತ್ತದೆಂದು ಹಿಂಜರಿಯುವ ಮಗುವಿಗೆ ಬಾಯಿ ಮುಚ್ಚಿ "ಮ್" ಎಂದು ಗುನುಗುತ್ತ ಮುಖ ಮುಳುಗಿಸಲು ಹೇಳಿದರೆ ಮೂಗಿನಿಂದ ಗಾಳಿ ತಾನಾಗಿಯೇ ಹೊರಗೆ ಬರುತ್ತಿರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಮುಖ ಎತ್ತಿದ ಕೂಡಲೇ ಕೈಯಿಂದ ಕಣ್ಣೊರೆಸಿಕೊಳ್ಳುವ ಅಭ್ಯಾಸವನ್ನು ನಿಧಾನವಾಗಿ ಬಿಡಿಸಬೇಕು, ಏಕೆಂದರೆ ಆಳದ ನೀರಿನಲ್ಲಿ ಕಣ್ಣೊರೆಸಲು ಕೈ ಎತ್ತಿದವರು ಒಳಕ್ಕೆ ಹೋಗುತ್ತಾರೆ.

ಇದೇ ಹಂತದಲ್ಲಿ ಎರಡು ನಿಯಮಗಳನ್ನು ಬಾಯಿಪಾಠ ಮಾಡಿಸಬೇಕು. ದೊಡ್ಡವರನ್ನು ಕೇಳದೆ, ಅವರು "ಸರಿ" ಎನ್ನದೆ ನೀರಿಗಿಳಿಯಬಾರದು. ಇನ್ನೊಬ್ಬ ಮಗು ನೀರಿಗೆ ಬಿದ್ದರೆ ತಾನು ಇಳಿಯದೆ ಕೂಗಿ ದೊಡ್ಡವರನ್ನು ಕರೆಯಬೇಕು. ಐದು ವರ್ಷದ ಮಗುವಿಗೂ ಎರಡನೆಯದರ ಕಾರಣವನ್ನು ಬಿಡಿಸಿ ಹೇಳಬಹುದು: ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾರೆ, ಸಿಕ್ಕಿದ್ದು ನೀನಾದರೆ ನೀನೇ ಕೆಳಗೆ ಹೋಗುತ್ತೀಯೆ.

ಎರಡನೆಯ ಹಂತ: ಅಂಗಾತ ತೇಲುವುದು

ಹೆಚ್ಚು ಕಾಲ ವ್ಯಯಿಸಬೇಕಾದದ್ದು ಇಲ್ಲಿ. ನೋಡುವವರಿಗೆ ಮಗು ಏನೂ ಮಾಡುತ್ತಿಲ್ಲವೆಂದು ಅನಿಸುವುದರಿಂದ ಕೋಚ್‌ಗಳು ಅವಸರದಲ್ಲಿ ದಾಟಿಬಿಡುವ ಹಂತವೂ ಇದೇ. ಶ್ವಾಸಕೋಶ ತುಂಬ ಗಾಳಿಯಿದ್ದಾಗ ಮಗುವಿನ ಮೈ ನೀರಿಗಿಂತ ತುಸು ಹಗುರವಾಗಿರುತ್ತದೆ. ಮೇಲೆ ಉಳಿಯುವುದು ಸ್ವಲ್ಪ ಭಾಗ ಮಾತ್ರ, ಆ ಭಾಗ ಮೂಗುಬಾಯಿ ಆಗಿರುವಂತೆ ನೋಡಿಕೊಳ್ಳುವುದೇ ತೇಲುವುದರ ಗುಟ್ಟು. ತಲೆಯನ್ನೋ ಕೈಯನ್ನೋ ನೀರಿನಿಂದ ಮೇಲೆತ್ತಿದರೆ ಅದರ ಭಾರಕ್ಕೆ ಉಳಿದದ್ದು ಕೆಳಗಿಳಿಯುತ್ತದೆ. "ಕೈ ಎತ್ತಿ ಕೂಗು" ಎಂಬ ಸಲಹೆ ತೇಲಲು ಬಾರದ ಮಗುವಿಗೆ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ಕಲಿಸುವ ಮೊದಲು ಎದ್ದು ನಿಲ್ಲುವುದನ್ನು ಕಲಿಸಬೇಕು: ಮಂಡಿಯನ್ನು ಎದೆಗೆಳೆದುಕೊಂಡು, ತಲೆ ಮುಂದೆ ಬಾಗಿಸಿ, ಅಂಗೈಯಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ಸೆಳೆದರೆ ಪಾದ ನೆಲಕ್ಕೆ ತಾಕುತ್ತದೆ. ಹೇಗೆ ಏಳಬೇಕೆಂದು ತಿಳಿದ ಮಗು ಮಲಗಲು ಒಪ್ಪುತ್ತದೆ. ಆಮೇಲೆ ಕಲಿಸುವವರು ಮಗುವಿನ ತಲೆಯ ಹಿಂದೆ ನಿಂತು, ಒಂದು ಅಂಗೈಯನ್ನು ತಲೆಯ ಹಿಂಭಾಗಕ್ಕೂ ಇನ್ನೊಂದನ್ನು ಭುಜದ ಮೂಳೆಗಳ ನಡುವಿಗೂ ಕೊಟ್ಟು ಹಿಂದಕ್ಕೆ ಮಲಗಿಸಿಕೊಳ್ಳಬೇಕು. ಕಿವಿಗಳು ಮುಳುಗಲೇಬೇಕು. ಕಿವಿಗೆ ನೀರು ತಾಕಿದೊಡನೆ ಮಗು ತಲೆ ಎತ್ತುತ್ತದೆ, ತಲೆ ಎತ್ತಿದೊಡನೆ ಸೊಂಟ ಕುಸಿಯುತ್ತದೆ, ಸೊಂಟ ಕುಸಿದೊಡನೆ ಗಾಬರಿಯಾಗುತ್ತದೆ. ಈ ಸರಪಳಿಯನ್ನು ಅದರ ಮೊದಲ ಕೊಂಡಿಯಲ್ಲೇ ಮುರಿಯಬೇಕೆಂದರೆ ಕಣ್ಣನ್ನು ಮೇಲೆ ಒಂದು ಗುರುತಿನಲ್ಲಿ ನೆಡಿಸಬೇಕು, ಕೊಳದ ಸೂರಿನ ಒಂದು ತೊಲೆಯಾದರೂ ಆಗಬಹುದು, ತೆಂಗಿನ ಗರಿಯಾದರೂ ಆಗಬಹುದು. ಕಿವಿ ನೀರಿನಲ್ಲಿದ್ದಾಗ ಹೊರಗಿನ ಮಾತು ಮಗುವಿಗೆ ಕೇಳುವುದಿಲ್ಲವಾದ್ದರಿಂದ, ಹೇಳಬೇಕಾದದ್ದನ್ನು ಮಲಗಿಸುವ ಮೊದಲೇ ಹೇಳಿ ಮುಗಿಸಿ, ಅನಂತರ ಕೈಯ ಒತ್ತಡದಿಂದಲೇ ಧೈರ್ಯ ಕೊಡಬೇಕು.

ಕೈಯನ್ನು ಸರಕ್ಕನೆ ತೆಗೆಯಬಾರದು. ಭುಜದ ಕೆಳಗಿನ ಅಂಗೈ ಮೊದಲು, ಆಮೇಲೆ ತಲೆಯ ಕೆಳಗಿನ ಬೆರಳುಗಳು ಒಂದೊಂದಾಗಿ, ಕೊನೆಗೆ ಒಂದೇ ಬೆರಳು ಉಳಿಯುವಂತೆ ಬಿಡುತ್ತ ಬರಬೇಕು. ಮಗುವಿನ ಕಾಲ್ಬೆರಳುಗಳನ್ನು ನೋಡುತ್ತಿದ್ದರೆ ಅದರ ಮನಸ್ಸು ತಿಳಿಯುತ್ತದೆ: ಬೆರಳುಗಳು ಬಿಗಿದು ಮಡಚಿಕೊಂಡಿದ್ದರೆ ಇನ್ನೂ ಸಮಯವಾಗಿಲ್ಲ. ತೆಳ್ಳಗಿನ ಮಕ್ಕಳ ಕಾಲುಗಳು ಕೆಳಗಿಳಿಯುವುದು ಸಹಜ. ಮೂಗುಬಾಯಿ ಹೊರಗಿದ್ದು ಉಸಿರಾಟ ನಡೆಯುತ್ತಿದ್ದರೆ ಕಾಲು ಎಲ್ಲಿದ್ದರೂ ಅದು ತೇಲುವುದೇ. ಬೋರಲಾಗಿದ್ದ ಮಗು ಒಂದು ಭುಜದ ಕಡೆಗೆ ತಲೆ ತಿರುಗಿಸಿ ಉರುಳಿ ಅಂಗಾತವಾಗುವುದನ್ನು ಕೂಡ ಇಲ್ಲಿಯೇ ಕಲಿಸಬೇಕು, ಏಕೆಂದರೆ ಬೀಳುವವರು ಬಹುಮಟ್ಟಿಗೆ ಮುಖ ಕೆಳಗಾಗಿಯೇ ಬೀಳುತ್ತಾರೆ. ಹೇಳಿದ ಕೂಡಲೇ ಉರುಳಿ, 30 ಸೆಕೆಂಡು ಯಾರ ಕೈಯೂ ಇಲ್ಲದೆ ತೇಲಿ, ತಾನಾಗಿ ಎದ್ದು ನಿಂತರೆ ಮುಂದಿನ ಹಂತಕ್ಕೆ ಕರೆದೊಯ್ಯಬಹುದು. ನೆರೆಯ ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳಗಳಲ್ಲಿ ಬಿದಿರಿನ ಅಟ್ಟಣೆ ಕಟ್ಟಿ ಮಕ್ಕಳಿಗೆ ಕಲಿಸುವ ಸ್ವಿಮ್‌ಸೇಫ್ ಕಾರ್ಯಕ್ರಮದಲ್ಲಿ ತೇರ್ಗಡೆಗೆ ಇಟ್ಟಿರುವ ಅಳತೆಯೂ 25 ಮೀಟರ್ ಈಜು ಮತ್ತು 30 ಸೆಕೆಂಡು ತೇಲುವಿಕೆಯೇ. ಟೈಲ್ಸ್ ಹಾಕಿದ ಕೊಳ ಇಲ್ಲದ ಊರಿನಲ್ಲೂ ಕ್ರಮಬದ್ಧವಾಗಿ ಕಲಿಸಬಹುದೆಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಮೂರು ಮತ್ತು ನಾಲ್ಕನೆಯ ಹಂತ: ಚಲನೆ, ಆಳ

ಮೂರನೆಯ ಹಂತದಲ್ಲಿ ಗೋಡೆಯನ್ನು ಕಾಲಿನಿಂದ ಒದ್ದು ಕೈ ಮುಂದೆ ಚಾಚಿ ಜಾರುವುದು, ಕಾಲು ಬಡಿಯುವುದು, ಆಮೇಲೆ ಕೈ ಸೇರಿಸುವುದು, ಹೀಗೆ ಈಜು ತಾನಾಗಿ ರೂಪುಗೊಳ್ಳುತ್ತದೆ. ನಾಯಿ ಈಜಾದರೂ ಅಡ್ಡಿಯಿಲ್ಲ. ಇಲ್ಲಿ ಬಿಡಬಾರದ ಅಭ್ಯಾಸ ಒಂದಿದೆ: ಅಂಚಿನಿಂದ ನೀರಿಗೆ ಹಾರಿ, ಮೇಲೆ ಬಂದು, ಮುಂದಕ್ಕೆ ಹೋಗದೆ ಹಿಂದಕ್ಕೆ ತಿರುಗಿ, ಬಿದ್ದ ಅಂಚನ್ನೇ ಹಿಡಿಯುವುದು. ಬಾವಿಗೋ ಹೊಂಡಕ್ಕೋ ಬಿದ್ದವರಿಗೆ ಅತಿ ಹತ್ತಿರದ ದಡ ಬೆನ್ನ ಹಿಂದೆ ಇರುತ್ತದೆ, ಆದರೆ ಕೊಳದಲ್ಲಿ ಸದಾ ಮುಂದಕ್ಕೆ ಈಜಿ ಅಭ್ಯಾಸವಾದ ಮಗು ಗಾಬರಿಯಲ್ಲಿ ನಡುನೀರಿನ ಕಡೆಗೇ ಹೋಗುತ್ತದೆ. ಅಂಚು ಸಿಕ್ಕ ಮೇಲೆ ಒಂದು ಮೊಣಕೈ, ಇನ್ನೊಂದು ಮೊಣಕೈ, ಹೊಟ್ಟೆ, ಮಂಡಿ, ಈ ಕ್ರಮದಲ್ಲಿ ಮೈಯನ್ನು ಹೊರಗೆಳೆದುಕೊಳ್ಳುವುದನ್ನು ಏಣಿಗೆ ಬೆನ್ನು ತಿರುಗಿಸಿ ಅಭ್ಯಾಸ ಮಾಡಿಸಬೇಕು.

ಆಳಕ್ಕೆ ಹೋಗುವುದು ನಾಲ್ಕನೆಯ ಹಂತ. ಕಾಲು ನೆಲಕ್ಕೆ ತಾಕದ ಕಡೆ ಒಂದು ನಿಮಿಷ ನಿಂತಲ್ಲೇ ಕೈಕಾಲಾಡಿಸುತ್ತಿರುವುದು, 25 ಮೀಟರ್ ಯಾವ ಬಗೆಯಲ್ಲಾದರೂ ಈಜುವುದು, ನಡುವೆ ದಣಿವಾದಾಗ ಅಂಗಾತವಾಗಿ ವಿಶ್ರಮಿಸಿ ಮತ್ತೆ ಮುಂದುವರಿಯುವುದು, ಇಷ್ಟಾದರೆ ಸಾಕು. ಹತ್ತು ಹನ್ನೆರಡರ ವಯಸ್ಸಿನ ಹುಡುಗರು ಈ ಹಂತಕ್ಕೆ ಬಂದೊಡನೆ ಯಾರು ಹೆಚ್ಚು ಹೊತ್ತು ಮುಳುಗು ಹಾಕಿರುತ್ತಾರೆಂಬ ಪಂದ್ಯ ಶುರುಮಾಡುತ್ತಾರೆ. ಮುಳುಗುವ ಮುನ್ನ ದಮ್ಮು ಕಟ್ಟುವುದಕ್ಕೆಂದು ಜೋರಾಗಿ ಹತ್ತಾರು ಬಾರಿ ಉಸಿರಾಡಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಸೂಚನೆ ತಡವಾಗುತ್ತದೆ. ಅದು ಬರುವ ಮೊದಲೇ ಆಮ್ಲಜನಕ ಸಾಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಇದಕ್ಕೆ ಬಲಿಯಾಗುವುದು. ಈ ಪಂದ್ಯವನ್ನು ಸಂಪೂರ್ಣವಾಗಿ ನಿಷೇಧಿಸಬೇಕು.

ಐದನೆಯ ಹಂತ: ಬಟ್ಟೆ ತೊಟ್ಟು, ಹೊರಗಿನ ನೀರು

ಕೊಳದವರ ಅನುಮತಿ ಪಡೆದು, ಒಗೆದ ಬಟ್ಟೆ ತೊಟ್ಟು, ಮೊದಲು ಎದೆಮಟ್ಟದ ನೀರಿನಲ್ಲಿ ಎರಡು ಮತ್ತು ಮೂರನೆಯ ಹಂತಗಳನ್ನು ಪುನಃ ಮಾಡಿಸಬೇಕು. ಶಾಲೆಯ ಪ್ಯಾಂಟು, ಚೂಡಿದಾರ ನೀರು ಕುಡಿದ ಮೇಲೆ ಕಾಲು ಬಡಿಯುವುದು ಎಷ್ಟು ಕಷ್ಟವೆಂಬುದು ಮಗುವಿಗೆ ಮೈಯಿಂದಲೇ ತಿಳಿಯಬೇಕು. ವೇಲ್ ಇದ್ದರೆ ಅದನ್ನು ಮೊದಲು ಕುತ್ತಿಗೆಯಿಂದ ತೆಗೆಯಬೇಕು. ಉಳಿದ ಬಟ್ಟೆಯನ್ನು ನೀರಿನಲ್ಲಿ ಬಿಚ್ಚಲು ಹೆಣಗದೆ ಅಂಗಾತವಾಗಿ ತೇಲುವುದೇ ಮೇಲು.

ಹೊರಗಿನ ನೀರು ಒಂದೊಂದೂ ಒಂದೊಂದು ಬಗೆ. ಇವುಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಕೃಷಿಹೊಂಡವನ್ನು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಮೇಲೆ ಮಳೆಯಾಶ್ರಿತ ಜಿಲ್ಲೆಗಳ ಹೊಲಗಳಲ್ಲಿ ಇವು ಸಾಮಾನ್ಯವಾಗಿವೆ. ಹೆಚ್ಚುಕಡಿಮೆ 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಇಳಿಜಾರಿನ ಮೇಲೆ ಪಾಲಿಥಿನ್ ಹಾಳೆ. ಹಾಳೆ ಒದ್ದೆಯಾಗಿ ಪಾಚಿ ಹಿಡಿದ ಮೇಲೆ ಅದರ ಮೇಲೆ ಕೈಯೂ ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ; ಈಜು ಚೆನ್ನಾಗಿ ಬಲ್ಲವರು ದಡಕ್ಕೆ ಬಂದು ಮುಟ್ಟಿದರೂ ಹತ್ತಲಾಗದೆ ದಣಿದು ಹೋಗುತ್ತಾರೆ, ಎತ್ತಲು ಹೋದವರು ಹಿಂದೆಯೇ ಜಾರುತ್ತಾರೆ. ಪರಿಹಾರ ದುಬಾರಿಯದಲ್ಲ. ಸುತ್ತ ತಂತಿಬೇಲಿ ಹಾಕಿ ಗೇಟಿಗೆ ಬೀಗ ಇಡಬೇಕು. ನಾಲ್ಕೂ ಬದಿಗೆ ಗೂಟ ನೆಟ್ಟು, ಅರ್ಧ ಮೀಟರಿಗೊಂದರಂತೆ ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ತಳ ಮುಟ್ಟುವಂತೆ ಇಳಿಬಿಡಬೇಕು, ಅಥವಾ ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಜಾರಿನ ಮೇಲೆ ಹಾಸಬೇಕು. ಹೊಲಕ್ಕೆ ಹೋಗುವ ಪ್ರತಿ ಮಗುವಿಗೂ ಹಗ್ಗ ಎಲ್ಲಿದೆಯೆಂದು ತೋರಿಸಿ, ಹೊರಗೆ ನಿಂತೇ ಒಮ್ಮೆ ಎಳೆದು ನೋಡಲು ಹೇಳಬೇಕು.

ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಮಳೆಗಾಲದ ನಂತರ ಕಾಣುವುದಿಲ್ಲ. ಮೊಣಕಾಲಿನ ನೀರು ಮುಂದಿನ ಹೆಜ್ಜೆಗೆ ಆಳೆತ್ತರವಾಗುತ್ತದೆ. ಬಿಟ್ಟುಹೋದ ಕಲ್ಲುಕ್ವಾರಿಗೆ ನೇರ ಗೋಡೆಯೇ ಹೊರತು ದಡವೆಂಬುದಿಲ್ಲ. ಸಿಮೆಂಟು ಹಾಕಿದ ನಾಲೆಯಲ್ಲಿ ಹರಿವಿಗೆ ಎದುರಾಗಿ ಈಜಬಾರದು, ಕಾಲು ಮುಂದೆ ಮಾಡಿ ಅಂಗಾತ ತೇಲುತ್ತ ಓರೆಯಾಗಿ ಬದಿಗೆ ಸೇರಬೇಕು. ಕಾವೇರಿಯ ಮುತ್ತತ್ತಿ, ಮೇಕೆದಾಟುಗಳಂತಹ ಕಡೆ ಬಂಡೆಗಳ ಕೆಳಗೆ ನೀರು ಎಳೆಯುವ ಪೊಟರೆಗಳಿದ್ದು, ಅಲ್ಲಿ ಮಕ್ಕಳನ್ನು ಇಳಿಸುವ ಪ್ರಶ್ನೆಯೇ ಬರಬಾರದು. ಸಮುದ್ರದಲ್ಲಿ ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ನೀರು ಒಳಕ್ಕೆ ಸೆಳೆಯುವ ಜಾಗವಾಗಿರಬಹುದು, ಆಡಲು ಚೆನ್ನಾಗಿದೆಯೆಂದು ಮಕ್ಕಳು ಆರಿಸಿಕೊಳ್ಳುವುದೂ ಅದನ್ನೇ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಸೆಳೆತಕ್ಕೆ ಸಿಕ್ಕರೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು. ದೋಣಿ, ತೆಪ್ಪಗಳಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬಾರದು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿದಾಗ ಅದು ಗಲ್ಲ ದಾಟಿ ಕಿವಿಗೆ ಬಂದರೆ ಅಳತೆ ದೊಡ್ಡದಾಯಿತೆಂದೇ ಅರ್ಥ.

ಇನ್ನೊಬ್ಬರು ಬಿದ್ದಾಗ

ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ದೂರದಿಂದ ನೋಡಿದವರಿಗೆ ಆಡುತ್ತಿರುವಂತೆ ತೋರುತ್ತದೆ. ಇದನ್ನು ಮಕ್ಕಳಿಗೆ ಅಭಿನಯಿಸಿ ತೋರಿಸಬೇಕು. ಆಮೇಲೆ ಕ್ರಮ ಇಷ್ಟೇ: ಕೂಗಿ ಜನರನ್ನು ಕರೆ, ನೆಲದ ಮೇಲೆ ಬೋರಲು ಮಲಗಿ ಕೋಲು ಚಾಚು, ಚಾಚಲಾಗದಷ್ಟು ದೂರವಾದರೆ ತೇಲುವ ವಸ್ತುವನ್ನು ಎಸೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಒಂದು ಲೋಟ ನೀರು ಹಾಕಿ ಬಿಗಿಯಾಗಿ ಮುಚ್ಚಿ ಹಿಡಿಕೆಗೆ ಹಗ್ಗ ಕಟ್ಟಿದರೆ ಎಸೆದಲ್ಲಿಗೆ ಹೋಗುತ್ತದೆ, ನೀರಿಲ್ಲದ ಕ್ಯಾನು ಗಾಳಿಗೆ ಪಕ್ಕಕ್ಕೆ ಹಾರುತ್ತದೆ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ ಅಲ್ಲಿದ್ದ ಮೂವರು ಮಹಿಳೆಯರು ತಮ್ಮ ಸೀರೆಗಳನ್ನೇ ಎಸೆದು ಇಬ್ಬರನ್ನು ಬದುಕಿಸಿದರು. ಲುಂಗಿ, ಪಂಚೆ, ಎರಡು ಟವೆಲ್ ಗಂಟು ಹಾಕಿದ್ದು, ಯಾವುದಾದರೂ ಆಗುತ್ತದೆ. ಎಂಟು ವರ್ಷ ದಾಟಿದ ಮಕ್ಕಳಿಗೆ ಇದನ್ನು ಗದ್ದೆಯ ಬಯಲಿನಲ್ಲೇ, ನೀರಿಲ್ಲದೆ, ಆಟದಂತೆ ಅಭ್ಯಾಸ ಮಾಡಿಸಬಹುದು.

ಮೇಲೆತ್ತಿದ ನಂತರದ್ದು ದೊಡ್ಡವರ ಕೆಲಸ. ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ಅದರಿಂದ ಸಮಯ ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ ಹಿಡಿದು, ಎದೆ ಏಳುವಷ್ಟು ಉಸಿರನ್ನು ಎರಡರಿಂದ ಐದು ಬಾರಿ ಬಾಯಿಗೆ ಊದಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಅನಂತರ ಎದೆಯ ನಡುಭಾಗವನ್ನು ಅದರ ದಪ್ಪದ ಮೂರನೆಯ ಒಂದು ಭಾಗ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ ಎರಡು ಉಸಿರು ಕೊಡಬೇಕು, ಇದನ್ನೇ ನಿಲ್ಲಿಸದೆ ಮುಂದುವರಿಸಬೇಕು. ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಒಬ್ಬರೇ ಇದ್ದರೆ ಮೊಬೈಲಿನ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು ಕೈಕೆಲಸ ನಡೆಸಬೇಕು. ಮಗು ಕಣ್ಣು ಬಿಟ್ಟು ಮಾತಾಡಿದ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಹೆಚ್ಚಾಗಬಹುದು.